ಎಲ್ಲರೂ ಇವತ್ತೇ ಸೇರಿದವರು

ದಾಖಲೆಯಲ್ಲಿ ಇಲ್ಲದ ಕೆಲಸಗಾರರನ್ನು ಹುಡುಕಿಕೊಂಡು ತಪಾಸಣೆಗೆ ಹೋದರೆ ಮಾಲೀಕರ ಮೊದಲ ಉತ್ತರ ಎಲ್ಲ ಕಡೆಯೂ ಒಂದೇ: ‘ಇವನು ಬೆಳಿಗ್ಗೆಯಷ್ಟೇ ಸೇರಿದ್ದು ಸಾರ್, ಕಾಗದಪತ್ರ ನಾಳೆ ಮಾಡಿಸ್ತೀವಿ.’ ತಿಂಗಳ ಕೊನೆಗೆ ನೋಂದಾಯಿಸಿದರೆ ಸಾಕು ಎನ್ನುವ ಕಾನೂನಿದ್ದರೆ ಈ ಮಾತು ಸುಳ್ಳೆಂದು ಸಾಬೀತು ಮಾಡುವುದು ಬಹಳ ಕಷ್ಟ. ದಂಡ ಎಷ್ಟೇ ಏರಿಸಿ, ಈ ಕಿಂಡಿ ಮುಚ್ಚುವುದಿಲ್ಲ.

ಅದಕ್ಕೇ ನಾವು ಮೊದಲು ಕೇಳುವುದು ಕೆಲಸಕ್ಕೆ ಕೈ ಹಚ್ಚುವ ಮೊದಲೇ ನೋಂದಣಿ. ಬೆಲ್ಜಿಯಂನಲ್ಲಿ 2003ರಿಂದ, ಎಸ್ಟೋನಿಯಾದಲ್ಲಿ 2014ರ ಜುಲೈನಿಂದ ಈ ನಿಯಮವಿದೆ. ಹೆಸರು, ಗುರುತಿನ ಸಂಖ್ಯೆ, ಸೇರಿದ ದಿನ, ಇಷ್ಟು ಸಾಕು, ಮೊಬೈಲಿನಲ್ಲೇ ಮುಗಿಯಬೇಕು. ಸೇರುವ ದಿನವೇ ಇಪ್ಪತ್ತು ಕಾಲಂ ತುಂಬಿಸಲು ಹೊರಟರೆ ಪ್ರಾಮಾಣಿಕರೂ ‘ಆಮೇಲೆ ನೋಡೋಣ’ ಅಂತಾರೆ. ನೋಂದಣಿಯ ಹೊತ್ತನ್ನು ಕಂಪ್ಯೂಟರ್ ಸರ್ವರ್ ತಾನಾಗಿಯೇ ದಾಖಲಿಸಬೇಕು. ಇಲ್ಲದಿದ್ದರೆ ನಾವು ಬಾಗಿಲಲ್ಲಿ ನಿಂತಿರುವಾಗಲೇ ಒಳಗೆ ನೋಂದಣಿ ನಡೆಯುತ್ತದೆ.

ಹೋಟೆಲಿನ ತಪಾಸಣೆಗೆ ಗಿರಾಕಿಗಳು ತುಂಬಿರುವ ಹೊತ್ತೇ ಸರಿ. ಒಬ್ಬರು ಹಿಂಬಾಗಿಲಿಗೆ. ರಿಜಿಸ್ಟರ್ ಕೇಳುವುದು ಕೊನೆಗೆ, ತಲೆ ಎಣಿಸುವುದು ಮೊದಲು. ಅಡುಗೆಮನೆಯ ಗೋಡೆಗೆ ಅಂಟಿಸಿದ ಡ್ಯೂಟಿ ಪಟ್ಟಿಯ ಫೋಟೊ ತಕ್ಷಣ ತೆಗೆಯಬೇಕು, ಐದು ನಿಮಿಷ ಬಿಟ್ಟರೆ ಅದು ಅಲ್ಲಿರುವುದಿಲ್ಲ. ‘ಇವತ್ತು ಸೇರಿದವನ’ ಹೆಸರು ಕಳೆದ ವಾರದ ರಾತ್ರಿ ಪಾಳಿಯಲ್ಲಿದ್ದರೆ ಅರ್ಧ ಕೇಸು ಮುಗಿದಂತೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಒಂದೇ ಪ್ರಶ್ನೆಗಳು: ಯಾವಾಗಿನಿಂದ, ಎಷ್ಟು ಹೊತ್ತಿಗೆ ಬರುವುದು, ಸಂಬಳ ಯಾರು ಕೊಡುತ್ತಾರೆ, ಕೈಗೋ ಖಾತೆಗೋ.

ಕೆಲಸಗಾರನಿಗೂ ದಂಡ ಹಾಕುವ ಕಡೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ವಲಸೆ ಪೊಲೀಸರನ್ನು ಕರೆದುಕೊಂಡು ಹೋದರೆ ಉತ್ತರ ಇರಲಿ, ಜನವೇ ಸಿಗುವುದಿಲ್ಲ. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಬಾಯಿ ಬಿಡಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1947ರ ಒಡಂಬಡಿಕೆ ಹೇಳಿದ್ದು ಸುಮ್ಮನೆ ಅಲ್ಲ. ಯುರೋಪಿಯನ್ ಒಕ್ಕೂಟದ 2009ರ ನಿರ್ದೇಶನ ಇನ್ನೂ ಜಾಣತನದ್ದು: ವಾಸದ ಪರವಾನಗಿ ಇಲ್ಲದ ವಿದೇಶಿಯನ್ನು ಕೆಲಸಕ್ಕೆ ಇಟ್ಟುಕೊಂಡು ಸಿಕ್ಕಿಬಿದ್ದರೆ, ಬೇರೆಯೆಂದು ಸಾಬೀತಾಗದ ಹೊರತು, ಕನಿಷ್ಠ ಮೂರು ತಿಂಗಳು ಕೆಲಸ ಮಾಡಿದ್ದಾನೆಂದೇ ಎಣಿಸಿ ಬಾಕಿ ಸಂಬಳ ಲೆಕ್ಕ ಹಾಕಬೇಕು. ಸಾಬೀತಿನ ಹೊರೆ ಹೀಗೆ ಮಾಲೀಕನ ಹೆಗಲಿಗೆ ಹೋದರೆ ‘ಇವತ್ತೇ ಸೇರಿದ್ದು’ ಎನ್ನುವ ಕಥೆ ದುಬಾರಿಯಾಗುತ್ತದೆ.

ಇದಕ್ಕಿಂತ ಕಷ್ಟದ್ದು ಅರ್ಧ ಲೆಕ್ಕದ ಕೆಲಸ. ಹೆಸರಿದೆ, ನೋಂದಣಿಯಿದೆ, ಕಾಗದದಲ್ಲಿ ದಿನಕ್ಕೆ ನಾಲ್ಕು ಗಂಟೆ, ದುಡಿಮೆ ಹತ್ತು ಗಂಟೆ, ಉಳಿದ ಸಂಬಳ ಲಕೋಟೆಯಲ್ಲಿ. ಸ್ವೀಡನ್ 2007ರಲ್ಲಿ ಹೋಟೆಲು ಮತ್ತು ಕ್ಷೌರದಂಗಡಿಗಳಿಗೆ, 2016ರಲ್ಲಿ ಕಟ್ಟಡ ಕೆಲಸಕ್ಕೆ ದಿನದ ಹಾಜರಿ ಪುಸ್ತಕ ಕಡ್ಡಾಯ ಮಾಡಿತು. ಬಂದ ಹೊತ್ತು, ಹೋದ ಹೊತ್ತು ಆಗಿಂದಾಗಲೇ ಬರೆಯಬೇಕು. ಒಂದೇ ಪೆನ್ನು, ಒಂದೇ ಕೈಬರಹದಲ್ಲಿ ಇಡೀ ತಿಂಗಳು ತುಂಬಿದ್ದರೆ ಅನುಮಾನಿಸಬಹುದು. ತೆರೆದಿರುವ ಗಂಟೆಗಳು, ಮೇಜುಗಳ ಸಂಖ್ಯೆ, ಲಾಂಡ್ರಿ ಬಿಲ್ಲು ಇವುಗಳ ಜೊತೆ ತಾಳೆ ನೋಡಿದರೆ ಎಷ್ಟು ಜನ ಬೇಕಿತ್ತೆಂದು ಗೊತ್ತಾಗುತ್ತದೆ.

ಮನೆಗೆಲಸದಲ್ಲಿ ತಪಾಸಣೆ ನಡೆಯುವುದಿಲ್ಲ, ಮನೆಯೊಳಗೆ ನುಗ್ಗಲಾಗದು. ಅಲ್ಲಿ ಬಿಲ್ಲು ಕೇಳುವುದೇ ಗಿರಾಕಿಗೆ ಲಾಭವಾಗಬೇಕು. ಮನೆಗೆಲಸದ ಬಿಲ್ಲಿಗೆ ಸ್ವೀಡನ್ ಕೊಡುವ ತೆರಿಗೆ ರಿಯಾಯಿತಿ ಕೂಲಿಯ ಅರ್ಧ. 2009ರಿಂದ ಅದು ಬಿಲ್ಲಿನಲ್ಲೇ ಕಳೆಯುತ್ತದೆ; ವರ್ಷದ ಕೊನೆಗೆ ಮರಳಿ ಕೊಡುತ್ತೇವೆಂದರೆ ಜನ ಕಾಯುವುದಿಲ್ಲ. ರಿಯಾಯಿತಿ ಕೂಲಿಗೆ ಮಾತ್ರವಾದ್ದರಿಂದ ಸಾಮಾನಿನ ಬೆಲೆಯನ್ನೂ ಕೂಲಿಗೆ ಸೇರಿಸಿ ಬರೆಯುವ ಚಾಳಿ ಹುಟ್ಟುತ್ತದೆ. ಬಿಲ್ಲಿನಲ್ಲಿ ಗಂಟೆಗಳನ್ನು ನಮೂದಿಸಲು ಹೇಳಬೇಕು. ಗಿರಾಕಿ ಪಡೆದ ರಸೀದಿಯೇ ಲಾಟರಿ ಚೀಟಿಯಾಗುವ ರಸೀದಿ ಲಾಟರಿಯೂ ಇದೆ, ಸ್ಲೊವಾಕಿಯಾ 2013ರಲ್ಲಿ ಶುರುಮಾಡಿತು. ಅದರಿಂದ ವ್ಯಾಪಾರ ಬೆಳಕಿಗೆ ಬರಬಹುದು, ಕೆಲಸಗಾರ ಬರುವುದಿಲ್ಲ.

ಉಪಗುತ್ತಿಗೆಯ ಸರಪಳಿಯಲ್ಲಿ ಮೇಲಿನವನನ್ನೇ ಹಿಡಿಯಬೇಕು. ಬೆಲ್ಜಿಯಂನಲ್ಲಿ ಕಟ್ಟಡ ಗುತ್ತಿಗೆದಾರ ಸಾಮಾಜಿಕ ಭದ್ರತೆಯ ವಂತಿಗೆ ಬಾಕಿ ಉಳಿಸಿಕೊಂಡಿದ್ದರೆ, ಕೆಲಸ ಕೊಟ್ಟವನು ಬಿಲ್ಲಿನ 35%, ತೆರಿಗೆ ಬಾಕಿಗೆ 15% ಹಿಡಿದು ನೇರ ಸರ್ಕಾರಕ್ಕೆ ಕಟ್ಟಬೇಕು. ಆಗ ಬಾಕಿದಾರ ಕಂಪನಿ ಬಾಗಿಲು ಹಾಕಿ, ಅದೇ ಜನ, ಅದೇ ವ್ಯಾನಿನೊಂದಿಗೆ ಬೇರೆ ಹೆಸರಲ್ಲಿ ತೆರೆಯುತ್ತದೆ. ಕಂಪನಿಯ ಸಂಖ್ಯೆ ಹಿಂಬಾಲಿಸಿ ಪ್ರಯೋಜನವಿಲ್ಲ, ನಿರ್ದೇಶಕರ ಹೆಸರಿನಲ್ಲಿ ಹುಡುಕಬೇಕು.