ಕೀ ಹೇಳಿದಂತೆ ಬಿಟ್ ಕಲೆಸೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಕೀ (ಗುಟ್ಟಿನ ಸಂಖ್ಯೆ) ಹೇಳಿದಂತೆ ಬಿಟ್‌ಗಳ ಜಾಗ ಬದಲಿಸುವ ಸೈಫರ್, ಅಂದ್ರೆ ಎನ್‌ಕ್ರಿಪ್ಟ್ ಮಾಡುವ ವಿಧಾನ, ನಾವೇ ಬರೆಯೋದು ಕಲಿಯೋಕೆ ಮಾತ್ರ. ನಿಜವಾದ ಡೇಟಾಗೆ ಎಇಎಸ್ ಅಥವಾ ಚಾಚಾ20 ಎಂಬ ಸೈಫರ್‌ಗಳಿವೆ, ಅವನ್ನೇ ಬಳಸಿ.

ಸುಮಾರು ಜನ ಮಾಡುವ ತಪ್ಪು ಇದು: ಚಿತ್ರದ ಪಿಕ್ಸೆಲ್‌ಗಳನ್ನು ಕೀ ಪ್ರಕಾರ ಇಸ್ಪೀಟ್ ಎಲೆ ಥರ ಕಲೆಸಿ, ಎನ್‌ಕ್ರಿಪ್ಟ್ ಆಯ್ತು ಅಂದುಕೊಳ್ಳೋದು. 256×256ರ ಕಪ್ಪುಬಿಳುಪು ಚಿತ್ರ ತಗೊಳ್ಳಿ, ಪ್ರತಿ ಪಿಕ್ಸೆಲ್‌ಗೆ 0ಯಿಂದ 255ರವರೆಗಿನ ಒಂದು ಬೆಲೆ. ನಿಮ್ಮ ಪ್ರೋಗ್ರಾಂಗೆ, ಕೀ ಬದಲಿಸದೆ, ನಾನು ಎರಡೇ ಚಿತ್ರ ಕೊಡುತ್ತೇನೆ. ಒಂದರಲ್ಲಿ ಪ್ರತಿ ಪಿಕ್ಸೆಲ್‌ನ ಬೆಲೆ ಅದರ ಸಾಲಿನ ನಂಬರ್, ಇನ್ನೊಂದರಲ್ಲಿ ಕಾಲಂ ನಂಬರ್. ಹೊರಗೆ ಬಂದದ್ದನ್ನು ನೋಡಿದರೆ ಯಾವ ಪಿಕ್ಸೆಲ್ ಎಲ್ಲಿಂದ ಬಂತು ಅನ್ನೋದು ಪೂರ್ತಿ ಗೊತ್ತಾಗುತ್ತೆ. ಕೀ ಹುಡುಕೋ ಕೆಲಸವೇ ಇಲ್ಲ!

ಯಾಕಂದ್ರೆ ಕಲೆಸೋದು ಜಾಗ ಬದಲಿಸುತ್ತೆ ಅಷ್ಟೇ. ಒಳಗೆ ಒಂದು ಬಿಟ್ ತಿರುಗಿಸಿದರೆ ಹೊರಗೂ ಒಂದೇ ಬಿಟ್ ತಿರುಗುತ್ತೆ. ಒಂದು ಬಿಟ್‌ನ ಬದಲಾವಣೆಯನ್ನು ನಾಲ್ಕರವರೆಗೆ ಹರಡೋದು ಎಸ್-ಬಾಕ್ಸ್ (ಒಂದು ಗುಂಪು ಬಿಟ್‌ಗಳನ್ನು ಪಟ್ಟಿ ನೋಡಿ ಬೇರೆ ಗುಂಪಿಗೆ ಬದಲಿಸುವ ಹಂತ), ಆ ನಾಲ್ಕನ್ನು ಬೇರೆ ಬೇರೆ ಮನೆಗೆ ಹಂಚೋದು ಪರ್ಮ್ಯುಟೇಶನ್ (ಜಾಗ ಬದಲಿಸುವ ಹಂತ). ಎರಡೂ ಜೊತೆಗಿದ್ದರೇನೇ ಹರಡುವುದು.

ಹಾಗಾಗಿ 2007ರ ಪ್ರೆಸೆಂಟ್ ಸೈಫರ್‌ನಿಂದ ಶುರು ಮಾಡಿ. 64 ಬಿಟ್‌ನ ಬ್ಲಾಕ್, 16 ಎಸ್-ಬಾಕ್ಸ್, ಒಂದೊಂದಕ್ಕೂ 4 ಬಿಟ್, ಇದೇ ಹಂತಗಳನ್ನು ಮತ್ತೆ ಮತ್ತೆ ಮಾಡುವ ಒಟ್ಟು 31 ರೌಂಡ್. ಅದರ ಬಿಟ್ ಹಂಚಿಕೆಗೆ ಕೀ ಸಂಬಂಧವೇ ಇಲ್ಲ: 0, 1, 2, 3ನೇ ಬಿಟ್‌ಗಳು ಯಾವಾಗಲೂ 0, 16, 32, 48ಕ್ಕೇ ಹೋಗುತ್ತವೆ, ಅಂದ್ರೆ ನಾಲ್ಕು ಬೇರೆ ಎಸ್-ಬಾಕ್ಸ್‌ಗೆ. ಒಂದು ಬಿಟ್‌ನ ಪ್ರಭಾವ 4, 16, 64 ಅಂತ ಮೂರೇ ರೌಂಡಿನಲ್ಲಿ ಎಲ್ಲ ಕಡೆ ಮುಟ್ಟೋದು ಇದರಿಂದಲೇ.

ಇದನ್ನು ಕಿತ್ತುಹಾಕಿ, 64 ಬಿಟ್‌ಗಳನ್ನೂ ಕೀ ಹೇಳಿದಂತೆ ಕಲೆಸಿದರೆ? 64! (64 ಫ್ಯಾಕ್ಟೋರಿಯಲ್, 64×63×…×1) ಅಂದ್ರೆ ಸುಮಾರು 2ರ 296ನೇ ಘಾತದಷ್ಟು ಜೋಡಣೆ, ಕೇಳೋಕೆ ಭಾರಿ. ಆದರೆ ಅದೃಷ್ಟ ಕೆಟ್ಟ ಕೀ ಸಿಕ್ಕಿದರೆ ಒಂದು ಬಾಕ್ಸಿನ ನಾಲ್ಕೂ ಬಿಟ್ ಮುಂದಿನ ರೌಂಡಿನಲ್ಲಿ ಒಂದೇ ಬಾಕ್ಸಿಗೆ ಬಂದು ಬೀಳಬಹುದು, ಅಲ್ಲಿಗೆ ಹರಡುವಿಕೆ ಕುಂಟುತ್ತೆ.

ನನ್ನ ಸಲಹೆ: ಮೂಲ ಹಂಚಿಕೆ ಮುಟ್ಟಬೇಡಿ, ಆಯಾ ರೌಂಡಿನ ಕೀಯನ್ನು ಎಕ್ಸಾರ್ ಮಾಡೋದನ್ನೂ (ಕೀಯಲ್ಲಿ 1 ಇದ್ದ ಕಡೆ ಬಿಟ್ ತಿರುಗಿಸೋದು) ಬಿಡಬೇಡಿ. ಪ್ರತಿ ಎಸ್-ಬಾಕ್ಸಿಗೆ ಒಳಹೋಗುವ 4 ಬಿಟ್‌ಗಳನ್ನು ಮಾತ್ರ ಕೀ ಕಲೆಸಲಿ. ಬಾಕ್ಸಿಗೆ 24 ಜೋಡಣೆ, 16 ಬಾಕ್ಸಿಗೆ 24ರ 16ನೇ ಘಾತ, ಅಂದ್ರೆ ಒಂದೇ ರೌಂಡಿಗೆ 2ರ 73ನೇ ಘಾತಕ್ಕಿಂತ ಜಾಸ್ತಿ. ಯಾವ ಬಾಕ್ಸಿನಿಂದ ಯಾವ ಬಾಕ್ಸಿಗೆ ದಾರಿ ಅನ್ನೋದು ಮಾತ್ರ ಬದಲಾಗಲ್ಲ.

ಕಲೆಸೋಕೆ ಫಿಷರ್–ಯೇಟ್ಸ್ ಎಂಬ ಕಲೆಸುವ ವಿಧಾನ ಬಳಸಿ. ಕೀಯನ್ನು ಚಾಚಾ20ಗೆ ಕೊಟ್ಟು ಬೈಟ್‌ಗಳನ್ನು ತೆಗೆಯಿರಿ. i ಅನ್ನು 3ರಿಂದ 1ರವರೆಗೆ ಇಳಿಸುತ್ತಾ, 0ಯಿಂದ iವರೆಗೆ ಒಂದು j ಆರಿಸಿ ಅದಲು ಬದಲು ಮಾಡಿ. ಮೂರು ಸಲವೂ 0ಯಿಂದ 3ರವರೆಗೆ ಆರಿಸಿದರೆ ಒಟ್ಟು 64 ದಾರಿ, ಜೋಡಣೆ 24, ಸಮನಾಗಿ ಭಾಗ ಆಗಲ್ಲ ಅಲ್ವಾ? ಕೆಲವು ಜೋಡಣೆ ಜಾಸ್ತಿ ಬರುತ್ತವೆ. i 2 ಇದ್ದಾಗ ಬೈಟನ್ನು 3ರಿಂದ ಭಾಗಿಸಿ ಶೇಷ ತೆಗೆಯುತ್ತೀರಿ, ಅಲ್ಲೂ 255 ಬಂದರೆ ಅದನ್ನು ಎಸೆದು ಮುಂದಿನದನ್ನು ತಗೊಳ್ಳಿ, ಇಲ್ಲದಿದ್ದರೆ 0 ಒಂದು ಸಲ ಹೆಚ್ಚು ಬರುತ್ತೆ.

31 ರೌಂಡಿನ ಪಟ್ಟಿಗಳನ್ನೂ ಮೊದಲೇ ಮಾಡಿಟ್ಟುಕೊಳ್ಳಿ, ಡಿಕ್ರಿಪ್ಟ್ ಮಾಡುವಾಗ ಕೊನೆಯಿಂದ ಬರಬೇಕು. ಆಮೇಲೆ ಪರೀಕ್ಷೆ: ಒಂದು ಬಿಟ್ ತಿರುಗಿಸಿ ಎಷ್ಟು ಬದಲಾಯ್ತು ಎಣಿಸಿ. ಸಾವಿರಾರು ಕೀ ಹಾಕಿ ನೋಡಿದರೆ ಸರಾಸರಿ 32ರ ಹತ್ತಿರ ಇರಬೇಕು. ಬರೀ ಸರಾಸರಿ ನೋಡಿ ಖುಷಿಪಡಬೇಡಿ, ಮೂರ್ನಾಲ್ಕು ರೌಂಡಿಗೇ ನಿಲ್ಲಿಸಿ, ತೀರಾ ಕಡಿಮೆ ಬಂದ ಕೀಗಳನ್ನು ಬೇರೆ ತೆಗೆದು ನೋಡಿ.