ಪುನರ್ವಸು ಮಳೆಯಲ್ಲಿ ಹಳೆ ಮನೆಗೆ ಬೆಲೆ ಕಟ್ಟಿದ್ದು

ಶಿರಸಿಯಲ್ಲಿ ಹಳೆ ಮನೆ ಕೊಳ್ಳುವವರು ನೋಡಲು ಹೊರಡುವುದೇ ದೀಪಾವಳಿ ಕಳೆದ ಮೇಲೆ. ಅಂಗಳ ಒಣಗಿರುತ್ತದೆ, ಗೋಡೆಗೆ ಹೊಸ ಡಿಸ್ಟೆಂಪರ್ ಬಿದ್ದಿರುತ್ತದೆ, ದಲ್ಲಾಳಿ ಕಿಟಕಿ ತೆಗೆದು ಗಾಳಿ ಬೆಳಕು ತೋರಿಸುತ್ತಾನೆ. ಭಾವ ಕೊಳ್ಳಬೇಕೆಂದಿದ್ದ ಹಳೆ ಮನೆಯೊಂದನ್ನು ನಾನು ಜುಲೈನಲ್ಲೇ ನೋಡುವುದು ಅಂದಾಗ ಅವನು ನಕ್ಕಿದ್ದ. “ಮಳೆಗಾಲ್ದಲ್ಲಿ ಯಾರಾದ್ರೂ ಮನೆ ನೋಡಲೆ ಹೋಗ್ತ್ವನೋ ಮಾರಾಯ?” ಸೋರುವ ಮನೆ ತೋರಿಸಿದರೆ ಯಜಮಾನರ ಮರ್ಯಾದೆ ಹೋಗುತ್ತದೆ ಅಂತ ದಲ್ಲಾಳಿಯ ತಕರಾರು. ಜೊತೆಗೆ ಕೆಲಸ ಮಾಡುವ ಮೇಸ್ತ್ರಿಗಳೂ ಇದು ನಿನ್ನ ಹುಚ್ಚು ಅಂದವರೇ. ಆ ಮನೆ ಕೊಂಡು ಭಾವನ ಸಂಸಾರ ಎರಡು ಮಳೆಗಾಲ ಕಳೆದಿದೆ. ಹನಿ ಹಿಡಿಯಲು ಒಂದು ಪಾತ್ರೆಯನ್ನೂ ಇಟ್ಟಿಲ್ಲ. ಈಗ ಬರೆಯಬಹುದು ಅನ್ನಿಸಿತು.

ದೇವಿಕೆರೆಯಿಂದ ನಡೆದೇ ಹೋಗಬಹುದಾದ ಹಳೆ ಓಣಿ. ನಾಲ್ಕೂವರೆ ಗುಂಟೆ ಜಾಗ, ಸುಮಾರು ಸಾವಿರದಿನ್ನೂರು ಚದರ ಅಡಿಯ ಒಂದಂತಸ್ತಿನ ಮನೆ. ಮುಂದೆ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹಂಚು. ಹಿಂದೆ ಎಂಬತ್ತರ ದಶಕದಲ್ಲಿ ಸೇರಿಸಿದ ಸ್ಲ್ಯಾಬಿನ ಅಡುಗೆಮನೆ, ಬಚ್ಚಲು. ಹೇಳಿದ ರೇಟು ಅರವತ್ತು ಲಕ್ಷ.

ಮಳೆಗೆ ಕಾಯುವ ಮೊದಲು ಬೇರೆ ದಾರಿಗಳನ್ನೂ ನೋಡಿಯಾಗಿತ್ತು. ಆನ್‌ಲೈನಿನಲ್ಲಿ ಸಾವಿರದೆಂಟುನೂರು ಕೊಟ್ಟು ಎರಡು ಮುಳ್ಳಿನ ತೇವದ ಮೀಟರು ತರಿಸಿದ್ದೆ. ಅದು ಮರಕ್ಕೆ ಮಾಡಿದ್ದು. ಗೋಡೆಯಲ್ಲಿ ಉಪ್ಪು ಇದ್ದರೆ ಒಣ ಗೋಡೆಯನ್ನೂ ಒದ್ದೆ ಅನ್ನುತ್ತದೆ. ಚಿರೆಕಲ್ಲಿಗೆ ಚುಚ್ಚಿದರೆ ಮನೆಯೆಲ್ಲ ಕೆರೆಯೊಳಗಿದ್ದಂತೆ ತೋರಿಸಿತು. ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಟೇಪಿನಲ್ಲಿ ಅಂಟಿಸಿ ಬೆಳಗ್ಗೆ ಬೆವರು ನೋಡುವ ಉಪಾಯವನ್ನೂ ಮಾರ್ಚ್‌ನಲ್ಲಿ ಮಾಡಿದೆ. ಹಾಳೆ ಒಣಗಿಯೇ ಇತ್ತು, ಹಳೆ ಸುಣ್ಣದ ಜೊತೆ ಟೇಪು ಕಿತ್ತು ಬಂತು ಅಷ್ಟೇ. ಅದೇ ಗೋಡೆ ಜುಲೈನ ಪುನರ್ವಸು ಮಳೆಯಲ್ಲಿ ಸೊಂಟದ ಮಟ್ಟದವರೆಗೆ ಕಪ್ಪಾಗಿ ಬೆವರುತ್ತಿತ್ತು.

ನಾನು ಒಳಗೆ ಹೋಗುವ ಮೊದಲು ರಸ್ತೆ ನೋಡುತ್ತೇನೆ. ಹಳೆ ಓಣಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಲೇ ಹೋಗಿದೆ, ಮನೆ ಇದ್ದಲ್ಲೇ ಇದೆ. ಲೆವೆಲ್ ಪೈಪು ಹಿಡಿದರೆ ಅಂಗಳಕ್ಕಿಂತ ರಸ್ತೆ ಒಂದು ಗೇಣು ಮೇಲೆ. ಗೇಟಿನ ಕೆಳಗಿಂದ ಕೆಂಪು ನೀರು ನುಗ್ಗಿ, ತುಳಸಿಕಟ್ಟೆ ಬಳಸಿ, ಜಗುಲಿಯ ಬುಡದಲ್ಲೇ ನಿಲ್ಲುತ್ತಿತ್ತು. ಗೋಡೆಯ ತೇವಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಉಳಿದರ್ಧ ಸಿಮೆಂಟ್ ಗಿಲಾವು. ಚಿರೆಕಲ್ಲು ನೀರು ಕುಡಿಯುತ್ತದೆ, ಬಿಡುತ್ತದೆ. ಮೇಲೆ ಸಿಮೆಂಟ್ ಹೊಡೆದರೆ ಕುಡಿದದ್ದನ್ನು ಬಿಡಲು ದಾರಿಯೇ ಇರುವುದಿಲ್ಲ.

ಆಮೇಲೆ ಶೌಚಾಲಯಕ್ಕೆ ಎರಡು ಬಕೆಟ್ ನೀರು ಹುಯ್ಯುವುದು. ಬೇಸಿಗೆಯಲ್ಲಿ ಯಾವ ಗುಂಡಿಯೂ ನೀರು ಕುಡಿಯುತ್ತದೆ. ಜುಲೈನಲ್ಲಿ ನೆಲವೇ ತುಂಬಿರುವಾಗ ಅದರ ಯೋಗ್ಯತೆ ಗೊತ್ತಾಗುತ್ತದೆ. ಇಲ್ಲಿ ನೀರು ಮೇಲೆ ಬಂದು ಗುಳುಗುಳು ಅಂದು ಹಾಗೇ ನಿಂತಿತು. ದಲ್ಲಾಳಿ ಹೊರಗೆ ಹೋಗಿ ಫೋನ್ ಹಿಡಿದ.

ನಡುಕೋಣೆಯಲ್ಲಿ ಹನಿ ಬೀಳುತ್ತಿರಲಿಲ್ಲ. ನಾವು ಬರುತ್ತೇವೆಂದು ಹಿಂದಿನ ದಿನವೇ ಯಾರನ್ನೋ ಹತ್ತಿಸಿ ಹಂಚಿನ ಮೇಲೆ ತಾಡಪಾಲು ಹೊದೆಸಿದ್ದರು. ಆದರೆ ಕೆಂಪು ನೆಲದ ಮೂಲೆಯಲ್ಲಿ ಬಕೆಟ್ಟಿನ ತಳದಷ್ಟಗಲದ ಒಂದು ಬಿಳಿಚಿದ ಉಂಗುರ, ಅದರ ಪಕ್ಕ ಚೊಂಬಿನಷ್ಟು ಸಣ್ಣದೊಂದು. ಎಷ್ಟೋ ವರ್ಷ ಒಂದೇ ಜಾಗದಲ್ಲಿ ಪಾತ್ರೆ ಇಟ್ಟರೆ ಮಾತ್ರ ಹಾಗಾಗುತ್ತದೆ. ಬಾಡಿಗೆಗಿದ್ದ ಅಕ್ಕನವರನ್ನು ಕೇಳಿದೆ, “ದೊಡ್ಡ ಮಳೆಗೆ ಇನ್ನೊಂದು ಇಡ್ತಿದ್ರಾ?” ಅವರು ನಕ್ಕು ದೇವರಕೋಣೆಯ ಬಾಗಿಲು ತೋರಿಸಿದರು.

ಅಟ್ಟದ ಕೆಲಸ ನಿಧಾನದ್ದು. ನೀರು ಒಳಬಂದಲ್ಲೇ ಬೀಳುವುದಿಲ್ಲ. ಹಂಚು ಕೂರುವ ರೀಪು ಹಿಡಿದು, ಅದರ ಕೆಳಗಿನ ಓರೆ ಮರ ಪಕಾಸಿಯ ಮೇಲೆ ಜಾರಿ, ಎಲ್ಲೋ ಗಂಟು ಸಿಕ್ಕಲ್ಲಿ ಹನಿಯಾಗುತ್ತದೆ. ಟಾರ್ಚನ್ನು ಯಾವ ಓರೆಯಲ್ಲಿ ಹಿಡಿದರೆ ಆ ಜಾಡು ಕಾಣುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಸ್ಕ್ರೂಡ್ರೈವರ್ ಚುಚ್ಚುವುದು ಎಲ್ಲರಿಗೂ ಗೊತ್ತು, ಆದರೆ ಎಲ್ಲರೂ ಪಕಾಸಿಯ ನಡುವೆ ಚುಚ್ಚುತ್ತಾರೆ. ಕೊಳೆಯುವುದು ತುದಿ, ಗೋಡೆಯ ಮೇಲೆ ಕೂರುವ ಜಾಗ. ಒರಲೆ (ಗೆದ್ದಲು) ಹತ್ತುವುದೂ ಅಲ್ಲಿಂದಲೇ. ಜಗುಲಿಯ ಮೇಲಿನ ಪಕಾಸಿಗಳಿಗೆ ಚೆಂದದ ಎಣ್ಣೆ ಬಣ್ಣ ಬಳಿದಿದ್ದರು. ತುದಿಗೆ ಚುಚ್ಚಿದರೆ ಸ್ಕ್ರೂಡ್ರೈವರ್ ಹಿಡಿಯವರೆಗೆ ಇಳಿಯಿತು. ಹಳೆ ಅಡುಗೆಕೋಣೆಯ ಮೇಲಿನವು ಮಸಿ ಹಿಡಿದು ನೋಡಲು ಅಸಹ್ಯ, ಅಲ್ಲಿ ಮೊನೆಯೂ ಇಳಿಯಲಿಲ್ಲ. ವರ್ಷಗಟ್ಟಲೆ ಹೊಗೆ ಕುಡಿದ ಮರಕ್ಕೆ ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ದಲ್ಲಾಳಿ ಆ ಕೋಣೆಯನ್ನೇ ನಾಚಿಕೊಂಡು ಬೇಗ ದಾಟಿಸಿದ್ದ.

ಹಂಚಿನ ವಿಷಯದಲ್ಲಿ ಒಂದು ಆಟ ಆಡಿದೆ. ನಾಲ್ಕು ಹಳೆ ಹಂಚು, ಅಂಗಡಿಯಿಂದ ತಂದ ಎರಡು ಹೊಸ ಹಂಚು ಒಣಗಿಸಿ ತೂಗಿ, ಒಂದು ದಿನ ಪೂರ್ತಿ ಹಂಡೆಯಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿದೆ. ಒಳ್ಳೆ ಹಂಚು ತನ್ನ ತೂಕದ ನೂರಕ್ಕೆ ಹದಿನೆಂಟು ಇಪ್ಪತ್ತಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಎರಡೂವರೆ ಕಿಲೋದ ಹಳೆಯವು ಮುನ್ನೂರು ಮುನ್ನೂರೈವತ್ತು ಗ್ರಾಂ ಏರಿದವು, ಹೊಸದರಲ್ಲಿ ಒಂದು ಐನೂರು ದಾಟಿತು. ಹೆಂಡತಿ ಹಂಡೆ ತೊಳೆಸಿದ್ದು ಬೇರೆ ಕಥೆ. ಅಂದರೆ ಹಂಚು ಬದಲಿಸುವುದು ಬೇಡ, ಮರ ಬದಲಿಸಿ ಅದೇ ಹಂಚು ಕೂರಿಸುವುದು. ಒಂದು ಲಕ್ಷದ ಹತ್ತಿರ ಅಲ್ಲೇ ಉಳಿಯಿತು.

ಸ್ಲ್ಯಾಬಿಗೆ ಕೆಳಗಿಂದ ಸುತ್ತಿಗೆ ತಟ್ಟಿ ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಬಚ್ಚಲಿನ ಮೇಲೆ ಮಾತ್ರ ಕಬ್ಬಿಣ ತುಕ್ಕು ಹಿಡಿದು ಉಬ್ಬಿತ್ತು. ವೈರಿಂಗ್ ಪೂರ್ತಿ ಹೊಸದೇ ಬೇಕು, ಅದರಲ್ಲಿ ನೋಡುವುದೇನೂ ಇಲ್ಲ.

ಬಾವಿ ಮಾತ್ರ ಮಳೆಯಲ್ಲಿ ಸುಳ್ಳು ಹೇಳುತ್ತದೆ, ಎಲ್ಲ ಬಾವಿಯೂ ಆಗ ಕೈಗೆಟಕುತ್ತದೆ. ಮೇ ತಿಂಗಳಲ್ಲೇ ಪಕ್ಕದ ಮನೆಯ ಅಜ್ಜನನ್ನು ಮಾತಾಡಿಸಿ ಬಂದಿದ್ದೆ. ಓಣಿಗೆ ಟ್ಯಾಂಕರ್ ಬಂದ ವರ್ಷವೂ ಈ ಬಾವಿಯಿಂದ ಕೊಡ ಹೊತ್ತಿದ್ದರಂತೆ.

ಇನ್ನು ದುಡ್ಡು. ಓಣಿಯಲ್ಲಿ ನಿಜಕ್ಕೂ ಕೈ ಬದಲಾದ ಜಾಗಗಳ ರೇಟು ಹಿಡಿದರೆ ನಾಲ್ಕೂವರೆ ಗುಂಟೆಗೆ ನಲವತ್ತೇಳು ಲಕ್ಷ. ಅಂದರೆ ಕಟ್ಟಡಕ್ಕೆ ಹದಿಮೂರು ಕೇಳುತ್ತಿದ್ದಾರೆ. ಅಷ್ಟೇ ಮನೆ ಹೊಸದಾಗಿ ಕಟ್ಟಲು ಆಗಿನ ಚದರ ಅಡಿಗೆ ಎರಡು ಸಾವಿರದ ಲೆಕ್ಕದಲ್ಲಿ ಇಪ್ಪತ್ನಾಲ್ಕು. ವಯಸ್ಸಿಗೆ ಎಷ್ಟು ಕಳೆಯಬೇಕು ಅನ್ನುವುದಕ್ಕೆ ನನ್ನದೊಂದು ಕೋಷ್ಟಕ ಇದೆ, ಅದೂ ನನ್ನ ಹತ್ತಿರವೇ ಇರಲಿ. ಈ ಮನೆಗೆ ಅರ್ಧ ಕಳೆದು ಹನ್ನೆರಡು ಉಳಿಸಿದೆ. ರಿಪೇರಿ ಅಂದಾಜು ಎಂಟೂವರೆ: ಮಾಡಿಗೆ (ಹಂಚಿನ ಛಾವಣಿಗೆ) ಮೂರು ಚಿಲ್ಲರೆ, ಉಳಿದದ್ದು ಗಿಲಾವು, ಗುಂಡಿ, ಚರಂಡಿ, ವೈರಿಂಗು. ಕಟ್ಟಡದ ಬೆಲೆ ನಿಂತದ್ದು ಮೂರೂವರೆ. ಕೆಡವಿ ಮರಮುಟ್ಟು, ಕಲ್ಲು ಮಾರಿದರೆ ಖರ್ಚು ಕಳೆದು ಒಂದು ಲಕ್ಷ ಸಿಗಬಹುದು. ಹಾಗಾಗಿ ಜಾಗದ ನಲವತ್ತೇಳು ಸೇರಿಸಿದರೆ, ನಲವತ್ತೆಂಟಕ್ಕೆ ಕೆಳಗೆ ಅವರು ಕೊಡಲಾರರು, ಐವತ್ತೂವರೆ ಲಕ್ಷಕ್ಕೆ ಮೇಲೆ ನಾವು ಹೋಗಬಾರದು. ಐವತ್ತೊಂದಕ್ಕೆ ಮುಗಿಯಿತು. ಮೇಲಿನ ಐವತ್ತು ಸಾವಿರ ಬಾವಿಗೆ ಅಂತ ನಾನೇ ಕೊಡಿಸಿದೆ. ಸೀಮೆಸುಣ್ಣದ ಗುರುತು, ನೆಲದ ಉಂಗುರ, ಶೌಚಾಲಯದ ನೀರು ಎಲ್ಲದರ ಫೋಟೋ ಮೊಬೈಲಿನಲ್ಲಿತ್ತು. ಬೆಂಗಳೂರಿನಲ್ಲಿರುವ ಯಜಮಾನರು ತಾವೇ ಆ ಮನೆಯನ್ನು ಮಳೆಯಲ್ಲಿ ನೋಡದೆ ಬಹಳ ವರ್ಷವಾಗಿತ್ತು.

ಕಾಗದದಲ್ಲಿ ಒಂದೇ ತೊಡಕು. ತಮ್ಮ ತಂಗಿಯರ ಸಹಿ ಬೇಡ, ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಅಂದರು ಯಜಮಾನರು. ತಂದೆಯ ಸ್ವಂತದ್ದಾಗಿ ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೂ ಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಇದೆ, ಅದರ ಮೇಲೆ 2020ರ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ಸಹಿ ಬಂದ ಮೇಲೆಯೇ ಮುಂಗಡ ಅಂದೆ. ಹುಬ್ಬಳ್ಳಿಯ ತಂಗಿ ಬಂದು ಸಹಿ ಹಾಕಲು ನವರಾತ್ರಿ ಬಂತು.

ರಿಪೇರಿ ಒಂಬತ್ತೂಕಾಲಕ್ಕೆ ಹೋಯಿತು, ಮಾಡು ಬಿಚ್ಚಿದಾಗ ಇನ್ನೂ ಐದಾರು ಪಕಾಸಿ ಹೋಗಿದ್ದವು. ಸೊಂಟದ ಮಟ್ಟದವರೆಗೆ ಸಿಮೆಂಟ್ ಕಿತ್ತು ಸುಣ್ಣದ ಗಿಲಾವು ಮಾಡಿಸಿದ್ದಕ್ಕೆ ಮೇಸ್ತ್ರಿಗಳು ಈಗಲೂ ಬಂದು ಕೈಯಿಟ್ಟು ನೋಡುತ್ತಾರೆ. ಉಳಿದ ಹಳೆ ಹಂಚು ಮುನ್ನೂರರ ಹತ್ತಿರ ನನ್ನ ಹಿತ್ತಲಿನಲ್ಲಿ ಒಟ್ಟಿದೆ. ಬೇಕಾದವರು ಒಂದೇ ಸಲ ಎಲ್ಲ ಒಯ್ಯಬೇಕು, ಹತ್ತು ಇಪ್ಪತ್ತು ಅಂತ ಬಿಡಿಯಾಗಿ ಕೊಡುವುದಿಲ್ಲ.