ಡಿಕ್ಕಿಯಾದ ಮೇಲೂ ಮುಗಿಯದ ಆಟ: ಬರ್ನ್‌ಔಟ್ 3 ಕಲಿತ ನನ್ನ ಅನುಭವ

ಬರ್ನ್‌ಔಟ್ 3: ಟೇಕ್‌ಡೌನ್ ಎಂಬ ಕಾರ್ ರೇಸಿಂಗ್ ವಿಡಿಯೊ ಗೇಮ್ ಆಡತೊಡಗಿದ ಮೊದಲ ಕೆಲವು ವಾರ, ನನ್ನ ಕಾರು ಡಿಕ್ಕಿ ಹೊಡೆದ ಕೂಡಲೇ ಕಂಟ್ರೋಲರನ್ನು ಮಡಿಲಿಗಿಳಿಸಿ, ಕಾರು ಮತ್ತೆ ರಸ್ತೆಗೆ ಬರುವವರೆಗೆ ಸುಮ್ಮನೆ ಕಾಯುತ್ತಿದ್ದೆ. ಅದುವರೆಗೆ ಆಡಿದ್ದ ರೇಸಿಂಗ್ ಆಟಗಳಲ್ಲೆಲ್ಲ ಡಿಕ್ಕಿಯೆಂದರೆ ಕಳೆದುಹೋದ ಸಮಯವಷ್ಟೇ ಆಗಿದ್ದುದರಿಂದ, ಆ ಕೆಲವು ಸೆಕೆಂಡುಗಳಲ್ಲಿ ಮಾಡಬೇಕಾದ ಕೆಲಸವೊಂದು ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಆ ಸೆಕೆಂಡುಗಳನ್ನು ಬಳಸಲು ಕಲಿತ ಮೇಲೆಯೇ ಈ ಆಟ ನನಗೆ ಒಲಿಯಿತು.

ಕ್ರೈಟೀರಿಯನ್ ಗೇಮ್ಸ್ ಸಂಸ್ಥೆ ಈ ಸರಣಿಯ ಮೊದಲ ಆಟವನ್ನು 2001ರಲ್ಲಿ ಹೊರತಂದಿತು. 2002ರ ಎರಡನೆಯ ಆಟದಲ್ಲಿ, ಬೇಕೆಂದೇ ಡಿಕ್ಕಿ ಹೊಡೆದು ಹಾನಿ ಮಾಡುವ ಕ್ರ್ಯಾಶ್ ಮೋಡ್ ಸೇರಿತು. 2004ರಲ್ಲಿ ಪ್ಲೇಸ್ಟೇಷನ್ 2 ಮತ್ತು ಎಕ್ಸ್‌ಬಾಕ್ಸ್‌ಗೆ ಬಂದ ಮೂರನೆಯ ಆಟದಲ್ಲಿ ಎದುರಾಳಿಯನ್ನು ಉರುಳಿಸುವ ಟೇಕ್‌ಡೌನ್ ಬಂದಿತು. ಕಾರಿಗೆ ಕೆಲಹೊತ್ತು ಹೆಚ್ಚಿನ ವೇಗ ಕೊಡುವುದು ಬೂಸ್ಟ್; ಮೊದಲೆರಡು ಆಟಗಳಲ್ಲಿ ಅದರ ಪಟ್ಟಿ ಪೂರ್ತಿ ತುಂಬುವವರೆಗೆ ಅದನ್ನು ಬಳಸುವಂತಿರಲಿಲ್ಲ. ಮೂರನೆಯದರಲ್ಲಿ ಆ ಕಟ್ಟುಪಾಡು ಇಲ್ಲ. ಇರುವಷ್ಟನ್ನು ಯಾವಾಗ ಬೇಕಾದರೂ ಉರಿಸಬಹುದು. ಕೇಳಲು ಇದು ಸಣ್ಣ ಬದಲಾವಣೆಯಾದರೂ ಓಟದ ಲಯವನ್ನೇ ಅದು ಬದಲಿಸಿತು. ಬೂಸ್ಟನ್ನು ಕೂಡಿಟ್ಟು ಕಾಯುವ ಆಟ ಹೋಗಿ, ಖರ್ಚು ಮಾಡುತ್ತಲೇ ಸಂಪಾದಿಸುವ ಆಟ ಬಂದಿತು.

ಸಂಪಾದನೆಯ ದಾರಿಗಳೆಲ್ಲವೂ ಅಪಾಯದ್ದೇ. ಎದುರು ದಿಕ್ಕಿನ ಲೇನಿನಲ್ಲಿ ಓಡಬೇಕು, ವಾಹನಗಳನ್ನು ಕೂದಲೆಳೆಯ ಅಂತರದಲ್ಲಿ ದಾಟಬೇಕು, ತಿರುವಿನಲ್ಲಿ ಕಾರನ್ನು ಓರೆಯಾಗಿ ಜಾರಿಸುತ್ತ ಡ್ರಿಫ್ಟ್ ಮಾಡಬೇಕು, ಇಲ್ಲವೇ ಎದುರಾಳಿಯ ಬೆನ್ನಿಗಂಟಿ ಸಾಗಬೇಕು. ಮೊದಮೊದಲು ನನ್ನ ಕಣ್ಣು ನನ್ನದೇ ಕಾರಿನ ಹಿಂಬದಿಯ ಮೇಲೆ ನೆಟ್ಟಿರುತ್ತಿತ್ತು. ಅದರಿಂದಾಗಿ ಮುಂದಿನ ವಾಹನ ಕಂಡಾಗ ಹೊಡೆತ ತಪ್ಪಿಸಲು ಸಮಯವೇ ಉಳಿಯುತ್ತಿರಲಿಲ್ಲ. ರಸ್ತೆ ಮರೆಯಾಗುವ ದೂರದ ಬಿಂದುವಿನ ಮೇಲೆ ದೃಷ್ಟಿಯನ್ನಿಟ್ಟು, ಹತ್ತಿರದ ವಾಹನಗಳನ್ನು ಕಣ್ಣಂಚಿನಿಂದಷ್ಟೇ ಗಮನಿಸುವುದನ್ನು ಪ್ರಯತ್ನಪೂರ್ವಕವಾಗಿ ರೂಢಿಸಿಕೊಂಡೆ. ಇದಕ್ಕೆ ನನಗೆ ಹೆಚ್ಚು ನೆರವಾದದ್ದು ಬರ್ನಿಂಗ್ ಲ್ಯಾಪ್ ಎಂಬ ಒಂಟಿ ಓಟ. ಅಲ್ಲಿ ಎದುರಾಳಿಗಳಿಲ್ಲ; ರಸ್ತೆ, ಗಡಿಯಾರ ಮತ್ತು ಟ್ರಾಫಿಕ್ ಮಾತ್ರ ಇರುತ್ತವೆ. ಎದುರಾಳಿಗಳ ಗೊಂದಲಕ್ಕೆ ಇಳಿಯುವ ಮೊದಲು ಕಣ್ಣನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಾಣೆ.

ಟೇಕ್‌ಡೌನ್ ವಿಷಯದಲ್ಲಿ ನನ್ನ ತಪ್ಪು ಬೇರೆ ಬಗೆಯದಾಗಿತ್ತು. ಎದುರಾಳಿಯ ಪಕ್ಕಕ್ಕೆ ಬಂದೊಡನೆ ಜೋರಾಗಿ ಅತ್ತ ತಿರುಗಿಸುತ್ತಿದ್ದೆ. ಅವನು ಸ್ವಲ್ಪ ಹಿಂದುಳಿದರೆ ಸಾಕು, ನಾನೇ ಗೋಡೆಗೆ ಹೋಗಿ ಅಪ್ಪಳಿಸುತ್ತಿದ್ದೆ. ಉರುಳಿಸುವುದು ನನ್ನ ಕಾರಿನ ಹೊಡೆತವಲ್ಲ, ಆ ಹೊಡೆತದಿಂದ ಅವನು ಹೋಗಿ ಬಡಿಯುವ ಕಂಬ, ಗೋಡೆ ಅಥವಾ ಎದುರಿನಿಂದ ಬರುವ ಲಾರಿ ಎಂಬುದು ಅರ್ಥವಾದ ಮೇಲೆ ನಾನು ಕಾರನ್ನು ಹುಡುಕುವುದನ್ನು ಬಿಟ್ಟು ಜಾಗವನ್ನು ಹುಡುಕತೊಡಗಿದೆ. ಅವನ ಹಿಂಬದಿಯ ಮೂಲೆಗೆ ನನ್ನ ಮುಂಭಾಗ ತಾಗುವಂತೆ ಅರ್ಧ ಕಾರಿನಷ್ಟು ಹಿಂದೆ ನಿಂತು, ತಿರುವಿನ ಹೊರ ಅಂಚು ಹತ್ತಿರವಾಗುವವರೆಗೆ ತಾಳಿ, ಆಗ ಬೂಸ್ಟ್ ಒತ್ತಿ ಒಂದೇ ಸಲ ತಳ್ಳುವುದು ನನಗೆ ಕೈಹಿಡಿದ ಕ್ರಮ. ಒಂದೊಂದು ಟೇಕ್‌ಡೌನ್ ಕೂಡ ಬೂಸ್ಟ್ ಪಟ್ಟಿಯನ್ನು ತುಂಬಿಸಿ, ಮೂಲ ಉದ್ದದ ನಾಲ್ಕರಷ್ಟಾಗುವವರೆಗೆ ಬೆಳೆಸುತ್ತದೆ. ನಾವು ಡಿಕ್ಕಿಯಾದರೆ ಅದೇ ಪಟ್ಟಿ ಕುಗ್ಗುತ್ತದೆ.

ಆ ನಷ್ಟವನ್ನು ತಡೆಯುವ ದಾರಿ ಡಿಕ್ಕಿಯ ಒಳಗೇ ಇದೆ. ಕಾರು ಬಡಿದ ಬಳಿಕ ಬೂಸ್ಟ್ ಗುಂಡಿಯನ್ನು ಒತ್ತಿಹಿಡಿದರೆ ಸಮಯ ನಿಧಾನವಾಗುತ್ತದೆ. ಇದಕ್ಕೆ ಇಂಪ್ಯಾಕ್ಟ್ ಟೈಮ್ ಎಂದು ಹೆಸರು. ಗಾಳಿಯಲ್ಲಿ ಪಲ್ಟಿಯಾಗುತ್ತಿರುವ ನಮ್ಮ ಅವಶೇಷವನ್ನು ಆಗ ಎಡಕ್ಕೋ ಬಲಕ್ಕೋ ವಾಲಿಸಬಹುದು, ಅದು ಆಫ್ಟರ್‌ಟಚ್. ಹಿಂದಿನಿಂದ ಬರುತ್ತಿರುವ ಎದುರಾಳಿಯ ದಾರಿಗೆ ಆ ಅವಶೇಷವನ್ನು ಸರಿಸಿ ಅವನನ್ನೂ ಕೆಡವಿದರೆ ಅದು ಆಫ್ಟರ್‌ಟಚ್ ಟೇಕ್‌ಡೌನ್ ಆಗುತ್ತದೆ, ನಮ್ಮ ಬೂಸ್ಟ್ ಉಳಿಯುತ್ತದೆ. ಡಿಕ್ಕಿಯಾದ ಕೂಡಲೇ ನನ್ನ ಕಾರನ್ನು ನೋಡದೆ, ಎದುರಾಳಿ ಯಾವ ಲೇನಿನಲ್ಲಿ ಬರುತ್ತಿದ್ದಾನೆಂದು ನೋಡುವುದನ್ನು ಅಭ್ಯಾಸ ಮಾಡಲು ನನಗೆ ಬಹಳ ದಿನ ಹಿಡಿಯಿತು. ಮನಸ್ಸು ಬೇಗ ಕಲಿಯಿತು. ಬೆರಳು ನಿಧಾನವಾಗಿ ಕಲಿಯಿತು. ಗುಂಡಿಯನ್ನು ಬಿಡಬಾರದೆಂಬ ತಿಳಿವಳಿಕೆ ಇದ್ದರೂ ಬಡಿತದ ಸದ್ದಿಗೆ ಕೈ ತಾನಾಗಿ ಸಡಿಲವಾಗುತ್ತಿತ್ತು.

ಈ ಕಲಿಕೆಯೆಲ್ಲ ಒರೆಗೆ ಬಿದ್ದದ್ದು ಕ್ರ್ಯಾಶ್ ಮೋಡಿನಲ್ಲಿ. ಇಲ್ಲಿ ಓಟವಿಲ್ಲ. ವಾಹನಗಳು ತುಂಬಿದ ಒಂದು ಜಂಕ್ಷನ್ನಿಗೆ ಕಾರನ್ನು ನುಗ್ಗಿಸಿ, ಆದಷ್ಟು ದೊಡ್ಡ ಮೊತ್ತದ ಹಾನಿ ಮಾಡಿ ಕಂಚು, ಬೆಳ್ಳಿ ಅಥವಾ ಚಿನ್ನದ ಪದಕ ಗಳಿಸಬೇಕು. ಹೊರಡುವ ಮೊದಲು ಕ್ಯಾಮೆರಾ ಜಂಕ್ಷನ್ನಿನ ಮೇಲೆ ಹಾರಿ ಎಲ್ಲವನ್ನೂ ತೋರಿಸುತ್ತದೆ. ಅದನ್ನು ಪ್ರತಿಸಲವೂ ದಾಟಿಸಿ ಮುಂದೆ ಹೋಗುತ್ತಿದ್ದ ನಾನು, ಮುಂದೆ ಅದನ್ನೇ ಎರಡು ಮೂರು ಬಾರಿ ನೋಡಿ ಹೊರಡತೊಡಗಿದೆ. ಗಳಿಕೆಯನ್ನು ಎರಡರಿಂದಲೋ ನಾಲ್ಕರಿಂದಲೋ ಗುಣಿಸುವ ಗುರುತು ಎಲ್ಲಿ ತೇಲುತ್ತಿದೆ, ಗಳಿಕೆಯನ್ನು ಅರ್ಧಕ್ಕಿಳಿಸುವ ಹಾರ್ಟ್‌ಬ್ರೇಕರ್ ಎಲ್ಲಿದೆ, ಬಸ್ಸುಗಳು ಯಾವ ರಸ್ತೆಯಿಂದ ಬರುತ್ತವೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೊರಟ ಪ್ರಯತ್ನಗಳು ಹೆಚ್ಚಾಗಿ ವ್ಯರ್ಥವಾದವು.

ಒಂದು ಜಂಕ್ಷನ್ನಿನಲ್ಲಿ ನಾನು ಎಷ್ಟೋ ಸಂಜೆ ಬೆಳ್ಳಿಯಲ್ಲೇ ನಿಂತಿದ್ದೆ. ಪೂರ್ಣ ವೇಗದಲ್ಲಿ ಹೋಗಿ ಮೊದಲ ಟ್ಯಾಂಕರಿಗೆ ಗುದ್ದುತ್ತಿದ್ದೆ. ದೃಶ್ಯ ಭರ್ಜರಿಯಾಗಿರುತ್ತಿತ್ತು, ಮೊತ್ತ ಮಾತ್ರ ಏರುತ್ತಿರಲಿಲ್ಲ. ರಸ್ತೆಯ ಈಚೆ ಬದಿ ಮುಚ್ಚಿಹೋದರೂ ಆಚೆ ಬದಿಯ ವಾಹನಗಳು ಅಡೆತಡೆಯಿಲ್ಲದೆ ಹರಿದುಹೋಗುತ್ತಿದ್ದುದೇ ಇದಕ್ಕೆ ಕಾರಣವೆಂದು ತಡವಾಗಿ ಗಮನಕ್ಕೆ ಬಂತು. ಟ್ಯಾಂಕರನ್ನು ಬಿಟ್ಟು, ಅದರ ಹಿಂದೆ ಬರುವ ಸಣ್ಣ ಕಾರೊಂದರ ಮೂಗಿಗೆ ಓರೆಯಾಗಿ ತಾಗಿಸಿದೆ. ಆ ಕಾರು ತಿರುಗಿ ಆಚೆ ಲೇನಿಗೆ ಅಡ್ಡಬಿದ್ದಿತು, ನನ್ನ ಅವಶೇಷ ನಡುರಸ್ತೆಯತ್ತ ಜಾರಿತು. ಆಫ್ಟರ್‌ಟಚ್‌ನಿಂದ ಅದನ್ನು ನಾಲ್ಕರ ಗುರುತಿನವರೆಗೆ ತಳ್ಳಿದೆ. ಅಷ್ಟರಲ್ಲಿ, ಸಾಕಷ್ಟು ವಾಹನಗಳು ಜಖಂಗೊಂಡ ಮೇಲೆ ಕೈಗೆ ಸಿಗುವ ಕ್ರ್ಯಾಶ್‌ಬ್ರೇಕರ್ ಎಂಬ ಸ್ಫೋಟವೂ ಸಿದ್ಧವಾಗಿತ್ತು.

ಹಿಂದೆಲ್ಲ ಅದು ಸಿಕ್ಕ ಕ್ಷಣವೇ ಸಿಡಿಸಿಬಿಡುತ್ತಿದ್ದೆ. ಆಗ ಸುತ್ತ ಇರುತ್ತಿದ್ದುದು ಈಗಾಗಲೇ ನುಜ್ಜುಗುಜ್ಜಾಗಿ ಲೆಕ್ಕಕ್ಕೆ ಸೇರಿದ ವಾಹನಗಳು. ಹೊಸದಾಗಿ ಸಿಗುವುದು ಕಡಿಮೆ. ಈ ಬಾರಿ ಸಮಯವನ್ನು ನಿಧಾನಗೊಳಿಸದೆ, ಸಿಡಿಸುವ ಗುಂಡಿಯ ಮೇಲೆ ಬೆರಳನ್ನು ಇಟ್ಟುಕೊಂಡೇ ಕಾದೆ. ಕ್ಯಾಮೆರಾದ ಅಂಚಿನಲ್ಲಿ ಬಸ್ಸಿನ ಮುಂಭಾಗ ಕಂಡಿತು, ಅದರ ಹಿಂದೆ ಇನ್ನೊಂದು ಬಸ್ಸು. ಮೊದಲನೆಯದು ನನ್ನ ಅವಶೇಷದ ಪಕ್ಕಕ್ಕೆ ಬಂದು ಬ್ರೇಕ್ ಹಾಕುವ ಹೊತ್ತಿಗೆ ಸಿಡಿಸಿದೆ. ಎರಡೂ ಬಸ್ಸುಗಳು ಹೊರಳಿ ಅಡ್ಡರಸ್ತೆಯನ್ನು ಮುಚ್ಚಿದವು. ಆ ಬಳಿಕ ಬಂದ ವಾಹನಗಳು ಒಂದರ ಹಿಂದೊಂದರಂತೆ ಅವಕ್ಕೆ ತಾವಾಗಿಯೇ ಬಡಿದು ನಿಂತವು. ಮೊತ್ತದ ಅಂಕಿ ಇನ್ನೂ ಓಡುತ್ತಿರುವಾಗಲೇ ಅದು ಚಿನ್ನದ ಗೆರೆಯನ್ನು ದಾಟಿತ್ತು.